ಬಲಗಡೆಯ ಕುರ್ಚಿ

ಅವನ ತಮ್ಮ ಆ ಟವೆಲ್ ಸ್ಟ್ಯಾಂಡನ್ನು ಮೂಲೆಯಿಂದ ಎತ್ತಿ ತಂದು ಎರಡು ಕುರ್ಚಿಗಳ ನಡುವೆ ನಿಲ್ಲಿಸಿದ್ದು ಟವೆಲ್ ಬೇಗ ಒಣಗಲಿ ಎಂದಲ್ಲ ಎಂಬುದು ಅವನಿಗೆ ಅವತ್ತೇ ತಿಳಿದಿತ್ತು. ಇಬ್ಬರೂ ಆ ಬಗ್ಗೆ ಚಕಾರವೆತ್ತಿರಲಿಲ್ಲ. ಕ್ಷೌರದಂಗಡಿ ಎಂದಮೇಲೆ ಟವೆಲ್ ಇರುತ್ತದೆ, ಅದರ ಸ್ಟ್ಯಾಂಡ್ ಎಲ್ಲಿ ನಿಂತರೆ ಯಾರಿಗೇನು ಎಂದು ಗಿರಾಕಿಗಳು ಅಂದುಕೊಂಡಿರಬಹುದು. ಆದರೆ ಎಡಗಡೆಯ ಕುರ್ಚಿಯ ಹಿಂದೆ ನಿಲ್ಲುವ ಅವನಿಗೂ ಬಲಗಡೆಯ ಕುರ್ಚಿಯ ಹಿಂದೆ ನಿಲ್ಲುವ ತಮ್ಮನಿಗೂ ನಡುವೆ ಇಷ್ಟು ವರ್ಷ ಗಾಳಿ ಬಿಟ್ಟು ಬೇರೇನೂ ಇರಲಿಲ್ಲ. ಈಗ ಫಿಸಿಯೋಥೆರಪಿಯ ಕೋಣೆಯಲ್ಲಿ, ಕತ್ತಿಗೆ ಬಿಸಿ ಪ್ಯಾಡ್ ಸುತ್ತಿಸಿಕೊಂಡು ಸ್ಟೂಲಿನ ಮೇಲೆ ಕೂತು ಎದುರಿನ ಕನ್ನಡಿಯನ್ನು ನೋಡಲು ಹೆಣಗುತ್ತಿದ್ದ ಅವನಿಗೆ ತನ್ನ ಮುಖಕ್ಕಿಂತ ಮೊದಲು ಆ ಸ್ಟ್ಯಾಂಡೇ ಕಣ್ಣಿಗೆ ಕಟ್ಟುತ್ತಿತ್ತು. ಮುಖವಂತೂ ಎಂದಿನಂತೆ ಬಲಕ್ಕೆ ತಿರುಗಿಕೊಂಡಿತ್ತು, ಪಕ್ಕದ ಮನೆಯ ಮಾತಿಗೆ ಕಿವಿಗೊಟ್ಟವನ ಹಾಗೆ. ಅದನ್ನು ನೇರ ಮಾಡಬೇಕೆಂದು ಅವನು ಮನಸ್ಸು ಮಾಡಿದಷ್ಟೂ ಅದು ಇನ್ನಷ್ಟು ಬಲಕ್ಕೆ ಎಳೆಯುತ್ತಿತ್ತು, ನಡುನಡುವೆ ಬೇಡ ಬೇಡ ಎಂಬಂತೆ ಸಣ್ಣಗೆ ಅದುರುತ್ತಿತ್ತು. ನರದ ಡಾಕ್ಟರು ಇದಕ್ಕೆ ಸರ್ವೈಕಲ್ ಡಿಸ್ಟೋನಿಯ ಎಂದು ಹೆಸರು ಹೇಳಿದ್ದರು. ಮನೆಗೆ ಬಂದು ಹೆಂಡತಿಯ ಮುಂದೆ ಆ ಹೆಸರನ್ನು ಪೂರ್ತಿ ಹೇಳಲು ಅವನ ನಾಲಿಗೆ ಹೊರಳಿರಲಿಲ್ಲ. ತಮ್ಮನಿಗಂತೂ ಹೇಳಿಯೇ ಇರಲಿಲ್ಲ. ತಮ್ಮನ ಪಾಲಿಗೆ ಇದು ಇನ್ನೂ ಉಳುಕು.

"ಬಿಸಿ ಸಾಕು. ಈಗ ನನ್ನ ಅಂಗೈನ ಎಡಕ್ಕೆ ತಳ್ಳಿ," ಎಂದಳು ಫಿಸಿಯೋ. ಓದು ಮುಗಿಸಿ ಹೆಚ್ಚು ದಿನವಾಗಿರದ ಹುಡುಗಿ. ಅವಳ ಬೈತಲೆ ಓರೆಯಾಗಿತ್ತು, ಅಥವಾ ತನ್ನ ತಲೆಯೇ ಓರೆಯಾಗಿದ್ದರಿಂದ ಹಾಗೆ ಕಾಣುತ್ತಿತ್ತೋ. "ನಿಧಾನ. ಅದರ ಜೊತೆ ಜಗಳ ಬೇಡ. ಎಳೀತಿರೋ ಸ್ನಾಯುನ ಬೈದು ಪ್ರಯೋಜನ ಇಲ್ಲ, ಈ ಕಡೆದನ್ನ ಗಟ್ಟಿ ಮಾಡೋಣ." ಅವನು ತಳ್ಳಿದ. ಹುಡುಗಿಯ ಅಂಗೈ ತಣ್ಣಗಿತ್ತು. ಜೀವಮಾನವಿಡೀ ಬೇರೆಯವರ ತಲೆಗಳನ್ನು ಹೀಗೇ ಅಂಗೈಯಿಂದ ಹಿಡಿದು, ಸ್ವಲ್ಪ ಆ ಕಡೆ, ಸ್ವಲ್ಪ ಕೆಳಗೆ, ಎಂದು ಹೇಳುತ್ತ ಬಂದವನು ತಾನು. ಎಂಥೆಂಥ ತಲೆಗಳು ಮಾತಿಲ್ಲದೆ ಕೈಗೆ ಬಂದಿದ್ದವು. ಈಗ ತನ್ನದನ್ನು ಇನ್ನೊಬ್ಬರು ಹಿಡಿದು ಹೇಳುವಾಗ ಅವನಿಗೆ ಅಳು ಬರುವಷ್ಟು ನಾಚಿಕೆಯಾಗುತ್ತಿತ್ತು. ಇಲ್ಲಿಗೆ ಬರುವ ಮೊದಲು, ಕಾಯಿಲೆಗೆ ಹೆಸರು ಸಿಗುವ ಮೊದಲು, ಹೆಂಡತಿಯ ಬಲವಂತಕ್ಕೆ ಕೈರೋಪ್ರಾಕ್ಟರ್ ಎಂದು ಬೋರ್ಡು ಹಾಕಿಕೊಂಡ ಮೂಳೆ ಡಾಕ್ಟರರ ಹತ್ತಿರ ಹೋಗಿದ್ದ. ಮಂಚದಂಥ ಮೇಜಿನ ಮೇಲೆ ಮಲಗಿಸಿ ಆತ ಎರಡೂ ಕೈಯಲ್ಲಿ ತಲೆ ಹಿಡಿದಾಗ ಅವನಿಗೆ ಅಳುಕಾಗಿರಲಿಲ್ಲ. ಹಿಡಿತ ಗುರುತಿನದ್ದಾಗಿತ್ತು, ಗಿರಾಕಿಗಳ ಕತ್ತಿನ ನೆಟಿಗೆ ತೆಗೆಯುವ ತನ್ನದೇ ಕೈಗಳು ತನ್ನನ್ನು ಹಿಡಿದಂತೆ. ಲಟಕ್ ಎಂದಿತು. ಆ ಸಂಜೆಯವರೆಗೆ ಕತ್ತು ಹಗುರವಾಗಿತ್ತು, ಮಾರನೆಯ ದಿನ ಮತ್ತೆ ಅದೇ ರಾಗ. ಇನ್ನೊಂದು ಸಲ ಹೋದಾಗಲೂ ಹಾಗೇ ಆಯಿತು. ಅದಾದ ಮೇಲೆ ಹೋದಾಗ ಮಾತ್ರ ಆತ ತಲೆ ಹಿಡಿದವನು ಹಾಗೇ ಸುಮ್ಮನೆ ನಿಂತು, ಕೈ ತೆಗೆದು, ಎದುರಿನ ಕುರ್ಚಿಯಲ್ಲಿ ಕೂತು, "ಇದು ಮೂಳೆ ವಿಷಯ ಅಲ್ಲ. ಸ್ನಾಯು ತಾನಾಗಿ ಎಳೀತಿದೆ. ಇದನ್ನ ನಾನು ಮುಟ್ಟಬಾರದು, ನರದ ಡಾಕ್ಟರನ್ನ ನೋಡಿ," ಎಂದಿದ್ದ. ಆ ಮನುಷ್ಯ ಪ್ರಾಮಾಣಿಕ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅಂಗಡಿಯಿಂದ ಹೊರಗೆ ಹಾಕಿಸಿಕೊಂಡವನಂತೆ ಅವನು ಮೆಟ್ಟಿಲಿಳಿದಿದ್ದ. ಆಮೇಲೆ ಕತ್ತಿಗೆ ಚುಚ್ಚುಮದ್ದು ಬಂತು. ಅದರ ಬಲ ಕೆಲವು ವಾರ ಇರುತ್ತದೆ, ಆಮೇಲೆ ಇಳಿಯುತ್ತದೆ, ಮತ್ತೆ ಚುಚ್ಚಬೇಕು, ಜೊತೆಗೆ ವ್ಯಾಯಾಮ. ಗುಣವಾಗುತ್ತದೆಯೇ ಎಂದು ಕೇಳಿದ್ದಕ್ಕೆ ಡಾಕ್ಟರು, ಹತೋಟಿಗೆ ಬರುತ್ತದೆ, ಎಂದಿದ್ದರು. ಆ ಎರಡರ ನಡುವಿನ ಅಂತರವನ್ನು ಅವನು ಬಸ್ಸಿನಲ್ಲಿ ಕೂತು ಮನೆ ತಲುಪುವವರೆಗೂ ಯೋಚಿಸಿದ್ದ.

"ಕೆಲಸ ಮಾಡುವಾಗ ನಿಮ್ಮ ಬಲಕ್ಕೆ ಏನಿರುತ್ತೆ?" ಎಂದು ಕೇಳಿದಳು ಫಿಸಿಯೋ.

"ತಮ್ಮ," ಎಂದ.

"ಅಲ್ಲ, ಕಿಟಕಿ, ಲೈಟು, ಆ ಥರ..."

"ತಮ್ಮನೇ ಇರೋದು ಮೇಡಂ."

ನಿಲ್ಲುವ ಜಾಗ ಬದಲಾಯಿಸಿದರೆ ಕತ್ತಿಗೆ ಸ್ವಲ್ಪ ಹಗುರವಾಗಬಹುದೇನೋ ಎಂದು ಕೇಳಿದೆ, ಎಂದು ಅವಳು ವಿವರಿಸುತ್ತಿದ್ದಳು. ಕೇಳಬಾರದೆಂದುಕೊಂಡೇ ಕೇಳಿದ: "ಒಂದೇ ಕಡೆ ನೋಡಿ ನೋಡಿ ಹೀಗಾಗುತ್ತಾ?" ಇಲ್ಲ ಎಂದಳು. ಮಿದುಳಿನಿಂದ ಸ್ನಾಯುವಿಗೆ ಹೋಗುವ ಅಪ್ಪಣೆ ಎಲ್ಲೋ ತಪ್ಪುತ್ತಿದೆ, ನೋಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. "ನೋಡಬಾರದ ಥರ ನೋಡಿದ್ರೆ?" ಎಂದ. ತಮಾಷೆ ಎಂದುಕೊಂಡು ಹುಡುಗಿ ನಕ್ಕಳು. ಅವನೂ ನಕ್ಕ. ಹೊರಡುವಾಗ ಅವಳು, ನಿಮ್ಮ ಮನೆಯವರು ಹೇಳಿದರು, ಅಂಗಡಿಯಲ್ಲಿ ಕತ್ತಿನ ನೆಟಿಗೆ ತೆಗೆಯುತ್ತೀರಂತೆ, ಎಂದು ಶುರುಮಾಡಿ, ಮುಖದ ನಗುವನ್ನೆಲ್ಲ ಬದಿಗಿಟ್ಟು ಹೇಳಿದಳು: "ನಿಮ್ಮ ಕತ್ತನ್ನ ಯಾರ ಕೈಗೂ ಕೊಡಬೇಡಿ. ನೀವೂ ಯಾರದನ್ನೂ ತಿರುಚಬೇಡಿ. ಆ ಮೂಳೆ ಸಂದೀಲಿ ಮಿದುಳಿಗೆ ರಕ್ತ ಹೋಗೋ ನಾಳ ಇದೆ. ನೂರು ಸಲ ಏನೂ ಆಗದೆ ಇರಬಹುದು." ಉಳಿದದ್ದನ್ನು ಅವಳು ಹೇಳಲಿಲ್ಲ.

ಅಂಗಡಿಯ ಕಡೆ ನಡೆಯುವಾಗ ಅವನು ಯಾವಾಗಲೂ ರಸ್ತೆಯ ಬಲಬದಿಯ ಗೋಡೆಗೆ ಆತುಕೊಂಡೇ ನಡೆಯುತ್ತಿದ್ದ, ಮುಖ ತಿರುಗಿದರೆ ಗೋಡೆಗೆ ತಿರುಗಲಿ ಎಂದು. ಇನ್ನೊಂದು ಬದಿಯಲ್ಲಿ ನಡೆದರೆ ಬಸ್ಸಿಗೆ ಕಾದು ನಿಂತ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಒಮ್ಮೆ ಒಬ್ಬಾಕೆ, ಏನ್ರೀ ಹಂಗೆ ನೋಡ್ತೀರಾ, ಎಂದು ಎಲ್ಲರೆದುರು ಕೇಳಿಬಿಟ್ಟಿದ್ದಳು. ಅವನು ಎಡದವಡೆಗೆ ಎರಡು ಬೆರಳು ಒತ್ತಿ ತಲೆ ನೇರ ಮಾಡಿಕೊಂಡು, ತಪ್ಪಾಯ್ತಮ್ಮ, ಎಂದಿದ್ದ. ಆ ಬೆರಳಿನದೇ ಒಂದು ವಿಚಿತ್ರ. ಒತ್ತಬೇಕೆಂದೂ ಇಲ್ಲ, ಎಡದವಡೆಯ ಮೂಲೆಗೆ ಸುಮ್ಮನೆ ತಾಕಿಸಿದರೂ ಸಾಕು, ಇಡೀ ದಿನ ಹಟ ಹಿಡಿದ ತಲೆ ತೊಟ್ಟಿಲ ಮಗುವಿನ ಹಾಗೆ ಸುಮ್ಮನಾಗಿ ನೆಟ್ಟಗೆ ಬರುತ್ತಿತ್ತು. ಆದರೆ ಕ್ಷೌರಿಕನಿಗೆ ಬಾಚಣಿಗೆಗೊಂದು ಕೈ, ಕತ್ತರಿಗೊಂದು ಕೈ ಬೇಕು. ದವಡೆಗೆಂದು ಬೇರೊಂದು ಕೈ ಎಲ್ಲಿಂದ ತರುವುದು? ಬಾಚಣಿಗೆಯ ಹಿಡಿಯನ್ನೇ ನಡುನಡುವೆ ದವಡೆಗೆ ತಾಕಿಸಿಕೊಂಡು ಅವನು ಕೆಲಸ ಸಾಗಿಸುತ್ತಿದ್ದ. ಗಿರಾಕಿಗಳು ಅವನಿಗೆ ಹೊಸದಾಗಿ ಯೋಚನೆಯ ಚಟ ಹಿಡಿದಿದೆ ಎಂದುಕೊಂಡಿದ್ದರು. ತಮ್ಮ ಏನೆಂದುಕೊಂಡಿದ್ದ ಎಂಬುದು ಸ್ಟ್ಯಾಂಡು ಬರುವುದಕ್ಕೆ ಹಿಂದಿನ ದಿನ ಗೊತ್ತಾಗಿತ್ತು. ಅವತ್ತು ತಮ್ಮ ಒಬ್ಬ ಗಿರಾಕಿಯ ಕಿವಿಗೆ ಕತ್ತರಿ ತಾಕಿಸಿದ್ದ. ಯಾವತ್ತೂ ತಪ್ಪದ ಕೈ ಅದು. ರಕ್ತಕ್ಕೆ ಹತ್ತಿ ಒತ್ತುತ್ತ, ಇವನ ಕಡೆ ತಿರುಗಿ, "ಹಿಂಗೆ ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಕಣ್ಣಲ್ಲಿ ತಿಂತಾ ಇದ್ರೆ ಕೈ ನಡುಗದೆ ಇನ್ನೇನಾಗುತ್ತೆ?" ಎಂದಿದ್ದ. ಆಗ ಹೇಳಬಹುದಿತ್ತು. ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಬೀದಿಯವರೆಲ್ಲ ಕತ್ತು ಹಿಡಿದರೆ ಮೊದಲು ಓಡಿಬರುತ್ತಿದ್ದ ಅಂಗಡಿಯಲ್ಲಿ, ಕತ್ತಿನವನೆಂದೇ ಹೆಸರಾದ ತಾನು, ತನ್ನದೇ ಕತ್ತು ತನ್ನ ಮಾತು ಕೇಳುತ್ತಿಲ್ಲವೆಂದು ತಾನೇ ಕೈಹಿಡಿದು ಕಲಿಸಿದವನ ಮುಂದೆ ಹೇಗೆ ಹೇಳುವುದು? ಅದೂ ಅಲ್ಲ. ಅದಕ್ಕಿಂತ ಕೆಳಗೆ ಇನ್ನೊಂದಿತ್ತು. ಕತ್ತು ತಿರುಗುವುದಕ್ಕೂ ಮೊದಲು ಅವನು ನಿಜವಾಗಿಯೂ ನೋಡುತ್ತಿದ್ದ. ತನ್ನ ಕುರ್ಚಿ ಖಾಲಿ ಇದ್ದರೂ ಗಿರಾಕಿಗಳು ಬೆಂಚಿನ ಮೇಲೆ ಪೇಪರು ತಿರುವುತ್ತ, ಇರಲಿ, ನಿಮ್ಮ ತಮ್ಮಂದು ಆಗಲಿ, ಎನ್ನಲು ಶುರುಮಾಡಿದ ದಿನದಿಂದ. ತಮ್ಮನ ಕತ್ತರಿ ಹೇಗೆ ಓಡುತ್ತದೆ, ಎಲ್ಲಿ ತಪ್ಪುತ್ತದೆ ಎಂದು ಕಾಯುತ್ತಿದ್ದ. ತಪ್ಪಲಿ ಎಂದು ಕಾಯುತ್ತಿದ್ದ. ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಲ್ಲ. ಮಿದುಳು, ಸ್ನಾಯು, ಅಪ್ಪಣೆ ಎಂದು ಆ ಹುಡುಗಿ ಏನೇ ಹೇಳಲಿ, ನೋಡಿದ ಕಡೆಗೇ ಕತ್ತು ಕಚ್ಚಿಕೊಂಡಿದೆ ಎಂದು ಅವನ ಒಳಗಿನವನು ಹೇಳುತ್ತಲೇ ಇದ್ದ.

ಅಂಗಡಿಗೆ ಬಂದಾಗ ಮೇಷ್ಟ್ರು ಅವನ ಕುರ್ಚಿಯಲ್ಲಿ ಆಗಲೇ ಕೂತಿದ್ದರು. ರಿಟೈರಾದ ಗಣಿತದ ಮೇಷ್ಟ್ರು, ಕಿವಿಯ ಮೇಲೆರಡು ಬೆಳ್ಳಿ ಪೊದೆ ಬಿಟ್ಟರೆ ತಲೆಯಲ್ಲಿ ಕತ್ತರಿಸಲು ಏನೂ ಉಳಿದಿರಲಿಲ್ಲ. ಅವರು ಬರುತ್ತಿದ್ದದ್ದು ಕೊನೆಯಲ್ಲಿ ಕತ್ತಿನ ಆ ಎರಡು ಸದ್ದಿಗೆ, ಬಲಕ್ಕೊಂದು ಎಡಕ್ಕೊಂದು. ಅವನ ಕುರ್ಚಿ ಬಿಟ್ಟು ಬೇರೆ ಕುರ್ಚಿಯಲ್ಲಿ ಅವರು ಕೂತವರಲ್ಲ, ಮತ್ತು ಈಚೆಗೆ ಅವನ ಕುರ್ಚಿಯನ್ನೇ ಹುಡುಕಿಕೊಂಡು ಬರುವವರು ಅವರೊಬ್ಬರೇ. ಬಿಳಿ ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಬಾಚಣಿಗೆಯನ್ನು ದವಡೆಗೆ ತಾಕಿಸುತ್ತ ತೆಗೆಯುತ್ತ ಅವನು ಪೊದೆಗಳನ್ನು ಸಮ ಮಾಡಿದ. ಸ್ಟ್ಯಾಂಡಿನಾಚೆ ತಮ್ಮನ ಟ್ರಿಮ್ಮರ್ ಗುಂಯ್‌ಗುಡುತ್ತಿತ್ತು. ಟವೆಲ್ಲುಗಳ ಸಂದಿಯಿಂದ ತಮ್ಮನ ಮೊಣಕೈ ಮಾತ್ರ ಕಾಣುತ್ತಿತ್ತು, ಅದನ್ನು ನೋಡದಿರಲು ಅವನು ಕಣ್ಣನ್ನಾದರೂ ಎಡಕ್ಕೆ ಹೊರಳಿಸಿಕೊಂಡ. ಕೊನೆಗೆ ಬ್ರಶ್ಶಿನಿಂದ ಕತ್ತು ಉಜ್ಜಿ, ಪೌಡರು ಹಾಕಿದ ಮೇಲೆ, ಎರಡೂ ಕೈಗಳು ಯಾರೂ ಹೇಳದೆ ಹೋಗಿ ಮೇಷ್ಟ್ರ ತಲೆಯನ್ನು ಹಿಡಿದವು. ಮೇಷ್ಟ್ರು ಕಣ್ಣು ಮುಚ್ಚಿದರು. ಆ ಮುಖದಲ್ಲಿ ಎಂಥ ನಂಬಿಕೆಯಿತ್ತೆಂದರೆ ಅವನಿಗೆ ಅದನ್ನು ನೋಡಲಾಗಲಿಲ್ಲ. ತೆಳ್ಳಗಿನ ಚರ್ಮದಡಿ ಏನೋ ಮಿಡಿಯುತ್ತಿತ್ತು. ಇಷ್ಟು ವರ್ಷ ಅದು ಬೆರಳಿಗೆ ತಾಕಿರಲೇ ಇಲ್ಲವೇ?

"ಏನಯ್ಯಾ, ನಿದ್ದೆ ಬಂತಾ?" ಎಂದರು ಮೇಷ್ಟ್ರು ಕಣ್ಣು ಬಿಡದೆ.

"ಬೇಡ ಸಾರ್. ಅದನ್ನ ಬಿಟ್ಟುಬಿಟ್ಟೆ. ಒಳ್ಳೇದಲ್ಲವಂತೆ."

"ಯಾರಂದ್ರು?"

"ಡಾಕ್ಟ್ರು."

ಮೇಷ್ಟ್ರು ಕನ್ನಡಿಯಲ್ಲಿ ಅವನನ್ನು ಬಹಳ ಹೊತ್ತು ನೋಡಿದರು. "ಬಿಡು, ನಿನ್ನದೇ ನೆಟ್ಟಗಿಲ್ಲ, ನನ್ನದನ್ನೇನು ಸರಿಮಾಡ್ತೀಯ," ಎಂದು ನಕ್ಕರು. ಬೆಂಚಿನ ಮೇಲಿದ್ದವನೊಬ್ಬನೂ ನಕ್ಕ. ಮೇಷ್ಟ್ರಿಗೆ ನೋಯಿಸುವ ಉದ್ದೇಶವಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. ಅವರು ಎದ್ದು, ಮೈಮೇಲಿನ ಬಿಳಿ ಬಟ್ಟೆಯ ಸಮೇತ ಸ್ಟ್ಯಾಂಡನ್ನು ಬಳಸಿ ಆಚೆ ಹೋಗಿ, ಅಷ್ಟರಲ್ಲಿ ಖಾಲಿಯಾಗಿದ್ದ ಬಲಗಡೆಯ ಕುರ್ಚಿಯಲ್ಲಿ ಕೂತರು. "ನೀನಾದ್ರೂ ತೆಗಿಯಯ್ಯಾ."

"ಬೇಡ ಕಣೋ," ಎಂದ ಅವನು ಟವೆಲ್ಲುಗಳ ಸಂದಿಯಿಂದ. ತಮ್ಮ ತಿರುಗಿ ನೋಡಲಿಲ್ಲ. "ನನ್ನ ಕುರ್ಚಿ ಕೆಲಸ ನನಗೆ ಬಿಡು," ಎಂದ. ಲಟಕ್ ಎಂದಿತು. ಮತ್ತೆ ಲಟಕ್ ಎಂದಿತು. ಏನೂ ಆಗಲಿಲ್ಲ. ಮೇಷ್ಟ್ರು, ಆಹಾ, ಎಂದು ಎದ್ದು, ತಲೆಯನ್ನು ಅತ್ತಿತ್ತ ಆಡಿಸಿ, ತಮ್ಮನ ಬೆನ್ನು ತಟ್ಟಿ, ಇವನ ಕಡೆ ಕೈಯೆತ್ತಿ ಹೊರಟುಹೋದರು. ಏನೂ ಆಗದೇ ಇದ್ದದ್ದಕ್ಕೆ ಅವನಿಗೆ ನೆಮ್ಮದಿಯಾಗಬೇಕಿತ್ತು. ಆಯಿತೂ ಕೂಡ. ಆದರೆ ಅದರ ಬೆನ್ನಿಗೇ, ಆಗಬಾರದ್ದೇನಾದರೂ ಸಣ್ಣದಾಗಿ ಆಗಿದ್ದರೆ ಎಂದು ಒಂದು ಗಳಿಗೆ ಬಯಸಿದ್ದು ಅವನಿಗೇ ಕಂಡುಬಿಟ್ಟಿತು. ಅವನು ಮೇಷ್ಟ್ರು ಬಿಟ್ಟುಹೋದ ನಾಲ್ಕು ಬೆಳ್ಳಿ ಕೂದಲನ್ನು ಗುಡಿಸತೊಡಗಿದ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ತಮ್ಮ ಶಟರನ್ನು ಅರ್ಧಕ್ಕೆ ಎಳೆದ. ಬಿಸಿಲು ನೆಲದ ಮೇಲೆ ಮೊಣಕಾಲೆತ್ತರದ ಪಟ್ಟಿಯಾಗಿ ಬಿದ್ದಿತ್ತು. "ಸಂಜೆ ಆ ಮೂಲೆ ರಸ್ತೆ ಮಳಿಗೆಯವರಿಗೆ ಮಾತು ಕೊಟ್ಟುಬರ್ತೀನಿ," ಎಂದ ತಮ್ಮ, ಕತ್ತರಿಗಳನ್ನು ಒರೆಸುತ್ತ. "ಅಡ್ವಾನ್ಸ್ ತಗೋತಾರಂತೆ. ಕುರ್ಚಿ ನಂದು ನಾನು ತಗೊಂಡ್ಹೋಗ್ತೀನಿ, ಕನ್ನಡಿ ಇಲ್ಲೇ ಇರಲಿ." ಬೇರೆ ಅಂಗಡಿ ಹಾಕುವ ಮಾತು ಕೆಲವು ವಾರಗಳಿಂದ ಗಾಳಿಯಲ್ಲಿತ್ತು. ಈ ಕತ್ತು ಇಟ್ಟುಕೊಂಡು ಒಬ್ಬನೇ ಅಂಗಡಿ ನಡೆಸುವುದು ತನ್ನಿಂದ ಆಗದು, ತಮ್ಮ ಹೋದರೆ ಶಟರು ಇಳಿದ ಹಾಗೆಯೇ ಎಂಬುದು ಅವನಿಗೆ ಗೊತ್ತಿತ್ತು. ಆದರೂ, ಹೂಂ, ಎಂದ. ಆ ಹೂಂ ಕೇಳಿ ತಮ್ಮ ಕೆರಳಿದ.

"ನಾನೇನು ಪರಕೀಯನಾ ಅಣ್ಣ? ಉಳುಕಿದೆ ಅಂದೆ, ನೆಟಿಗೆ ತೆಗೀತೀನಿ ಬಾ ಅಂತ ಎಷ್ಟು ಸಲ ಕರೆದೆ? ಯಾವನೋ ಮೂಳೆಯವನಿಗೆ ಕತ್ತು ಕೊಟ್ಟೆ, ನನಗೆ ಕೊಡಲಿಲ್ಲ. ರಜದ ದಿನ ಶೇವ್ ಮಾಡಿಸ್ಕೊಳ್ಳೋದೂ ಬಿಟ್ಟೆ. ಮನೇಲಿ ಕೂತು ಗೀರಿಕೊಂಡು ಬರ್ತೀಯ, ಗಾಯ ಕಾಣಲ್ಲ ಅನ್ಕೊಂಡಿದ್ದೀಯಾ? ಕೆಲಸ ಮಾಡೋಕೆ ನಿಂತ್ರೆ ಕಣ್ಣು ನನ್ನ ಮೇಲೆ. ನಿನಗೆ ನನ್ನ ಕೈ ಮೇಲೆ ನಂಬಿಕೆ ಇಲ್ಲ, ಅಷ್ಟೇ."

ವಾರದ ರಜೆಯ ದಿನ ಶಟರು ಹೀಗೇ ಅರ್ಧ ಎಳೆದು, ಒಬ್ಬರಿಗೊಬ್ಬರು ಕ್ಷೌರ ಮಾಡುವುದು ತಮ್ಮ ಕತ್ತರಿ ಹಿಡಿದ ಕಾಲದಿಂದ ನಡೆದುಬಂದದ್ದು. ಮೊದಮೊದಲು ತಮ್ಮನ ಬ್ಲೇಡು ನಡುಗುವಾಗ ಅವನು ಮಿಸುಕದೆ ಕೂತು, ಇಲ್ಲೊಂದು ಚೂರು ಉಳಿಯಿತು ನೋಡು, ಎನ್ನುತ್ತಿದ್ದ. ಉಳಿದದ್ದನ್ನೇ ಹೇಳುತ್ತಿದ್ದ. ಯಾವತ್ತಾದರೂ ಮೆಚ್ಚುವ ಒಂದು ಮಾತು ಹೇಳಿದ್ದೆನೇ ಎಂದು ಅವನು ಈಗ ನೆನಪಿಸಿಕೊಳ್ಳಲು ನೋಡಿದ. ಸಿಗಲಿಲ್ಲ. ಕಸಪೊರಕೆಯನ್ನು ಗೋಡೆಗೆ ಒರಗಿಸಿ, ಸ್ಟ್ಯಾಂಡನ್ನು ಬಳಸಿಕೊಂಡು ಹೋಗಿ, ಬಲಗಡೆಯ ಕುರ್ಚಿಯಲ್ಲಿ ಕೂತ. ಇದುವರೆಗೆ ಕೂತಿರದ ಕುರ್ಚಿ. ರಜೆಯ ದಿನಗಳಲ್ಲೂ ಅವನು ಕೂರುತ್ತಿದ್ದದ್ದು ತನ್ನದರಲ್ಲೇ.

"ಶೇವ್ ಮಾಡು," ಎಂದ.

ತಮ್ಮ ಕತ್ತರಿ ಒರೆಸುವ ಬಟ್ಟೆಯನ್ನು ಕೆಳಗಿಟ್ಟ. ಆಮೇಲೆ ನೊರೆ ಕಲಸುವ ಸದ್ದು, ಬ್ಲೇಡಿನ ಕಾಗದ ಬಿಚ್ಚುವ ಸದ್ದು ಕೇಳಿತು. ಬೆಚ್ಚಗಿನ ನೊರೆ ಗಲ್ಲಕ್ಕೆ ಬಂತು. ಬಲಗೆನ್ನೆ ಹೇಗೋ ಆಯಿತು. ಎಡಕ್ಕೆ ಬಂದು ತಮ್ಮ ಅಂಗೈಯಿಂದ ತಲೆಯನ್ನು ತನ್ನ ಕಡೆ ತಿರುಗಿಸಿದ, ತಲೆ ಬರಲಿಲ್ಲ. "ಸಡಿಲ ಬಿಡು ಅಣ್ಣ." "ಬಿಟ್ಟಿದ್ದೀನಿ." ತಮ್ಮ ಮತ್ತೆ ತಿರುಗಿಸಿದ. ತಲೆ ಅವನ ಅಂಗೈಗೆ ಎದುರಾಗಿ ನಿಂತಿತು, ಅದುರಿತು, ಎಳೆದುಕೊಂಡು ಬಲಕ್ಕೇ ಹೋಯಿತು. ಹಟ ಹಿಡಿದ ತಲೆ ಯಾವುದು, ಹೆದರಿದ ತಲೆ ಯಾವುದು, ನಿದ್ದೆಗೆ ಜಾರಿದ ತಲೆ ಯಾವುದು ಎಂದು ಬಲ್ಲ ಕೈ ಅದು. ಆ ಕೈ ಈಗ ಅಲ್ಲೇ ತಡೆದು ನಿಂತಿತು. ಇದು ಅದಕ್ಕೆ ಗೊತ್ತಿದ್ದ ಯಾವ ತಲೆಯೂ ಆಗಿರಲಿಲ್ಲ. ತಮ್ಮ ಬ್ಲೇಡನ್ನು ದೂರ ಹಿಡಿದು, ಬಗ್ಗಿ, ಅಣ್ಣನ ಕಣ್ಣು ಎತ್ತ ಇದೆಯೆಂದು ನೋಡಿದ. ಕುರ್ಚಿಯ ಬಲಕ್ಕೆ ಸುಣ್ಣ ಎದ್ದ ಗೋಡೆಯಿತ್ತು. ಅದರಲ್ಲೊಂದು ಮೊಳೆ, ಮೊಳೆಗೆ ಏನೂ ತೂಗುಹಾಕಿರಲಿಲ್ಲ. ತಾನು ಎಡಕ್ಕೆ ನಿಂತಿದ್ದೇನೆ, ಅಣ್ಣ ಅತ್ತ ನೋಡುತ್ತಿದ್ದಾನೆ.

"ಅಲ್ಲೇನಿದೆ ಅಣ್ಣ?" ಎಂದ ತಮ್ಮ. ಸ್ವರ ಬದಲಾಗಿತ್ತು.

"ಏನೂ ಇಲ್ಲ. ಗೋಡೆ."

"ಮತ್ತೆ ಯಾಕೆ ನೋಡ್ತೀಯ?"

"ನಾನು ನೋಡ್ತಿಲ್ಲ ಕಣೋ. ಅದೇ ತಿರುಗುತ್ತೆ. ಕಾಯಿಲೆ. ಉಳುಕಲ್ಲ." ಅವನು ಕೈಯೆತ್ತಿ ತನ್ನ ಎಡದವಡೆಯನ್ನು ತೋರಿಸಿದ. "ಎಡದವಡೆ ಮೂಲೆಗೆ ಒಂದು ಬೆರಳಿಡು. ಒತ್ತಬೇಡ. ಸುಮ್ಮನೆ ಇಡು."

ತಮ್ಮ ಬೆರಳಿಟ್ಟ. ತಲೆ ತಾನಾಗಿ, ಯಾರ ಬಲವಂತವೂ ಇಲ್ಲದೆ, ಬಲದ ಗೋಡೆಯಿಂದ ಬಿಡಿಸಿಕೊಂಡು ಬಂದು ಕನ್ನಡಿಗೆ ನೇರವಾಗಿ ನಿಂತಿತು. ಕನ್ನಡಿಯಲ್ಲಿ ಅರ್ಧ ನೊರೆಯ ಮುಖವೊಂದು, ಅದರ ಮೇಲೆ ಬಾಯಿ ತುಸು ತೆರೆದ ಇನ್ನೊಂದು ಮುಖ. ಎಷ್ಟೋ ತಿಂಗಳ ಮೇಲೆ ಅವರು ಒಬ್ಬರನ್ನೊಬ್ಬರು ನೇರವಾಗಿ ನೋಡಿದರು. ತಮ್ಮನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದು ಅವನಿಗೆ ಆಗಲೇ ಕಂಡದ್ದು. ದಿನವಿಡೀ ಇವನನ್ನೇ ನೋಡುತ್ತಿದ್ದೆನಲ್ಲ, ಇದು ಯಾಕೆ ಕಾಣಲಿಲ್ಲ? ತಮ್ಮ ಎಡಗೈಯ ಬೆರಳನ್ನು ಅಲ್ಲೇ ಇಟ್ಟುಕೊಂಡು, ಬಲಗೈಯಲ್ಲಿ ಬ್ಲೇಡು ಎಳೆಯತೊಡಗಿದ. ಬ್ಲೇಡು ನಡುಗುತ್ತಿರಲಿಲ್ಲ. ಈಗ ಹೇಳಬೇಕು, ಮೊದಲು ನಾನು ನಿಜವಾಗಿಯೂ ನೋಡುತ್ತಿದ್ದೆ, ಕಾಯಿಲೆ ಆಮೇಲೆ ಬಂದದ್ದು ಎಂದು ಹೇಳಿಬಿಡಬೇಕು ಅನಿಸಿ ಅವನು ಬಾಯಿ ತೆರೆದ.

"ಮಾತಾಡಬೇಡ," ಎಂದ ತಮ್ಮ. "ಬ್ಲೇಡಿದೆ."

ಅವನು ನುಂಗಿಕೊಂಡ. ನುಂಗುವಾಗ ಗಂಟಲ ಮೇಲಿದ್ದ ಬ್ಲೇಡು ಅದಕ್ಕೆ ದಾರಿ ಬಿಟ್ಟು ತುಸು ಮೇಲೆದ್ದು ಮತ್ತೆ ಕೂತಿತು. ಶೇವ್ ಮುಗಿಯಿತು. ನೀರು ಒರೆಸಿದ ಮೇಲೆ ತಮ್ಮನ ಎರಡೂ ಕೈಗಳು, ಬೆಳಿಗ್ಗೆ ಮೇಷ್ಟ್ರ ತಲೆಗೆ ಅವನವು ಹೋದಂತೆಯೇ, ತಾವಾಗಿ ಬಂದು ಅವನ ತಲೆಯ ಎರಡು ಬದಿ ಹಿಡಿದವು. ಅವನು ಕಣ್ಣು ಮುಚ್ಚಿದ. ಹುಡುಗಿ ಹೇಳಿದ್ದು ನೆನಪಾಯಿತು. ಬೇಡ ಎನ್ನಲಿಲ್ಲ. ಈ ಕೈಗೆ ಇನ್ನೊಮ್ಮೆ ಬೇಡ ಎಂದರೆ ತಾನೇ ಇಲ್ಲವಾಗುತ್ತೇನೆ ಅನ್ನಿಸಿತು. ಆಗುವುದು ಆಗಲಿ ಎಂದು ತಲೆಯನ್ನು ಪೂರ್ತಿ ಆ ಕೈಗಳಿಗೆ ಬಿಟ್ಟ. ಕೈಗಳು ಹಿಡಿದುಕೊಂಡೇ ಇದ್ದವು. ಕತ್ತಿನೊಳಗೆ ಎಳೆಯುತ್ತಿದ್ದದ್ದು ಎಳೆಯುತ್ತಲೇ ಇತ್ತು, ಕೈಗಳು ಅದನ್ನು ಕೇಳಿಸಿಕೊಳ್ಳುತ್ತಿದ್ದವು. ಆಮೇಲೆ, ತಿರುಚದೆಯೇ, ಒಂದೊಂದಾಗಿ ಸರಿದವು.

"ನೋಯುತ್ತಾ?" ಎಂದು ಕೇಳಿದ ತಮ್ಮ.

"ಸಂಜೆ ಹೊತ್ತಿಗೆ ನೋಯುತ್ತೆ."

ಶಟರಿನ ಕೆಳಗೆ ಎರಡು ಕಾಲು ಬಂದು ನಿಂತು, ತೆರೆದಿದೆಯಾ, ಎಂದವು. ತಮ್ಮ ಹೋಗಿ ಶಟರೆತ್ತಿ ಗಿರಾಕಿಯನ್ನು ಒಳಗೆ ಕರೆದ. ತನ್ನ ಕುರ್ಚಿಯಲ್ಲಿ ಕೂರಿಸಿ, ಒಣ ಟವೆಲ್ಲೊಂದನ್ನು ತೆಗೆದುಕೊಳ್ಳಲು ಸ್ಟ್ಯಾಂಡಿನ ಹತ್ತಿರ ಬಂದವನು, ಟವೆಲ್ ಭುಜಕ್ಕೆ ಹಾಕಿಕೊಂಡು ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಮೂಲೆಗಿಟ್ಟ. ಅವನು ಎಡಗಡೆಯ ಖಾಲಿ ಕುರ್ಚಿಯ ಹಿಂದೆ ತನ್ನ ಜಾಗದಲ್ಲಿ ನಿಂತಿದ್ದ. ಕತ್ತು ಬಲಕ್ಕೆ ತಿರುಗಿತು. ತಡೆಯಲಿಲ್ಲ. ತಮ್ಮನ ಕತ್ತರಿ ಬಾಚಣಿಗೆಯ ಮೇಲೆ ಓಡುತ್ತಿತ್ತು, ಕೂದಲು ಅಳುಕಿಲ್ಲದೆ ಉದುರುತ್ತಿತ್ತು. ಕಪಾಟಿನ ಮೇಲೆ ತಮ್ಮನ ಫೋನು ಹೊಡೆದುಕೊಂಡಿತು. ತಮ್ಮ ಅದರ ಮುಖ ನೋಡಿದ, ಕತ್ತರಿ ನಿಲ್ಲಿಸಲಿಲ್ಲ. ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಗಿರಾಕಿ, ಯಾರೋ ಪಾಪ, ಎಂದ. ಮಳಿಗೆಯವರು, ಎಂದ ತಮ್ಮ. ಆಮೇಲೆ ತಲೆಯೆತ್ತದೆ, ಗಿರಾಕಿಯ ಕಿವಿಯನ್ನು ಬೆರಳಿಂದ ಮಡಿಸಿ ಹಿಡಿದು ಹೇಳಿದ:

"ಅಣ್ಣ, ಈ ಕಿವಿ ಹಿಂದೆ ಸಮ ಬಂತಾ ನೋಡು."

ಅವನು ನೋಡಿದ. ಇಷ್ಟು ದಿನ ನೋಡಿದ್ದನ್ನೇ, ಅದೇ ಕೈ, ಅದೇ ಕತ್ತರಿ. ಏನು ಉಳಿದಿದೆ ಎಂದು ಕಣ್ಣು ಹಳೆಯ ಚಾಳಿಯಂತೆ ಹುಡುಕಿತು. ಏನೂ ಉಳಿದಿರಲಿಲ್ಲ. ಗೆರೆ ಕಿವಿಯ ಬುಡದಿಂದ ಕತ್ತಿನವರೆಗೆ ಒಂದೇ ಉಸಿರಿಗೆ ಇಳಿದಿತ್ತು. ತನ್ನ ಕೈ ಗಟ್ಟಿಯಿದ್ದ ಕಾಲದಲ್ಲೂ ತನಗೆ ಹಾಗೆ ಬಂದಿರಲಿಲ್ಲ. ತಮ್ಮ ಕತ್ತರಿಯನ್ನು ಗಾಳಿಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದ.

"ಚೆನ್ನಾಗಿ ಬಂದಿದೆ," ಎಂದ ಅವನು.